ಕ್ರೆಡಿಟ್ ಕಾರ್ಡ್ ಬಾಕಿಗೆ ಆರ್ಬಿಟ್ರೇಷನ್ ನೋಟಿಸ್ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡಿನ ಬಾಕಿ ಕೆಲವು ತಿಂಗಳಿಂದ ನಿಂತಿರುತ್ತದೆ. ಒಂದು ದಿನ ವಾಟ್ಸ್ಆ್ಯಪ್‌ಗೋ ಇಮೇಲ್‌ಗೋ ಒಂದು ಪಿಡಿಎಫ್ ಬರುತ್ತದೆ. ಮೇಲೆ ‘ಏಕಸದಸ್ಯ ಆರ್ಬಿಟ್ರೇಟರ್ ಅವರ ಮುಂದೆ’ ಎಂಬ ತಲೆಬರಹ, ಕೆಳಗೆ ಒಂದು ಕೇಸ್ ನಂಬರ್, ಕೊನೆಗೆ ಹದಿನೈದು ದಿನದ ಗಡುವು. ಬಹಳ ಮಂದಿ ಇದನ್ನು ವಸೂಲಿ ಏಜೆಂಟರ ಮತ್ತೊಂದು ಬೆದರಿಕೆ ಎಂದುಕೊಂಡು ಅಳಿಸಿಬಿಡುತ್ತಾರೆ. ಇನ್ನು ಕೆಲವರು ಹೆದರಿ, ಕೇಳಿದ ಕಡೆಯೆಲ್ಲ ಸಹಿ ಹಾಕುತ್ತಾರೆ. ಎರಡರಿಂದಲೂ ನಷ್ಟವೇ. ಹಾಗೆ ನೋಟಿಸ್ ಬಂದವರಿಗಾಗಿ ಈ ಪುಟ. ಇಲ್ಲಿರುವುದು ಭಾರತದ ಕಾನೂನು, ಅಂದರೆ 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆ ಮತ್ತು ಅದಕ್ಕೆ ಆಮೇಲೆ ಆದ ತಿದ್ದುಪಡಿಗಳು.

ಆರ್ಬಿಟ್ರೇಷನ್ ಎಂದರೆ ರಾಜಿ ಪಂಚಾಯ್ತಿಯೇ?

ಅಲ್ಲ. ರಾಜಿಯಲ್ಲಿ ನೀವು ಒಪ್ಪದಿದ್ದರೆ ಏನೂ ಆಗುವುದಿಲ್ಲ. ಆರ್ಬಿಟ್ರೇಷನ್‌ನಲ್ಲಿ ಎರಡೂ ಕಡೆಯ ಮಾತು ಕೇಳಿ ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ವಿವಾದ ತೀರ್ಮಾನಿಸಲು ನೇಮಕವಾದ ವ್ಯಕ್ತಿ, ತೀರ್ಪು ಕೊಡುತ್ತಾರೆ, ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಆ ತೀರ್ಪಿಗೆ ಅವಾರ್ಡ್ ಎಂದು ಹೆಸರು. ಕಾಯ್ದೆಯ ಸೆಕ್ಷನ್ 36ರ ಪ್ರಕಾರ ಅವಾರ್ಡನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ, ಅಂದರೆ ಕೋರ್ಟಿನ ತೀರ್ಪಿನ ಆದೇಶದಂತೆಯೇ, ಜಾರಿ ಮಾಡಿಸಬಹುದು.

ಲೋಕ ಅದಾಲತ್ ಬೇರೆ. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ಇತ್ಯರ್ಥ. ಒಪ್ಪಿ ಸಹಿ ಹಾಕಿದ ಮೇಲೆ ಅದಕ್ಕೂ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಹಾಗಾಗಿ ಕೈಗೆ ಬಂದ ಕಾಗದ ‘ಪ್ರಿ-ಲಿಟಿಗೇಷನ್ ಲೋಕ ಅದಾಲತ್’ ಕರೆಯೋ, ಆರ್ಬಿಟ್ರೇಷನ್ ನೋಟಿಸೋ ಎಂದು ಮೊದಲು ಓದಿ ತಿಳಿದುಕೊಳ್ಳಿ. ಲೋಕ ಅದಾಲತ್‌ಗೆ ಹೋಗದಿದ್ದರೆ ನಿಮ್ಮ ವಿರುದ್ಧ ತೀರ್ಪಾಗುವುದಿಲ್ಲ. ಆರ್ಬಿಟ್ರೇಷನ್‌ಗೆ ಹೋಗದಿದ್ದರೆ ಆಗುತ್ತದೆ.

ನಾನು ಇದಕ್ಕೆ ಒಪ್ಪಿದ್ದು ಯಾವಾಗ?

ಬಹುಶಃ ಕಾರ್ಡ್ ತೆಗೆದುಕೊಂಡ ದಿನ. ಅರ್ಜಿಗೆ ಹಾಕಿದ ಸಹಿ ಅಥವಾ ಆ್ಯಪ್‌ನಲ್ಲಿ ಒತ್ತಿದ ‘ಒಪ್ಪಿದ್ದೇನೆ’ ಎಂಬ ಗುಂಡಿ ಕಾರ್ಡ್ ಸದಸ್ಯರ ಕರಾರಿಗೆ ಕೊಂಡಿಯಾಗಿರುತ್ತದೆ. ಆ ಕರಾರಿನೊಳಗೆ ಎಲ್ಲೋ ಆರ್ಬಿಟ್ರೇಷನ್ ಷರತ್ತು ಇರುತ್ತದೆ. ಎಲ್ಲ ಬ್ಯಾಂಕುಗಳ ಕರಾರಿನಲ್ಲೂ ಇರುವುದಿಲ್ಲ. ಕೆಲವು ಕಾರ್ಡುಗಳಲ್ಲಿ ಈ ಷರತ್ತನ್ನು ಆಮೇಲೆ ಸೇರಿಸಿರುತ್ತಾರೆ. ಸೆಕ್ಷನ್ 7ರಂತೆ ಆರ್ಬಿಟ್ರೇಷನ್ ಒಪ್ಪಂದ ಬರಹದಲ್ಲಿರಬೇಕು. ಆದ್ದರಿಂದ ನೀವು ಒಪ್ಪಿದ ದಿನ ಜಾರಿಯಲ್ಲಿದ್ದ ಕರಾರಿನ ಪ್ರತಿಯನ್ನೂ ನಿಮ್ಮ ಒಪ್ಪಿಗೆಯ ದಾಖಲೆಯನ್ನೂ ಕೇಳುವುದೇ ಮೊದಲ ಕೆಲಸ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಇಂದು ಇರುವ ಕರಾರು ಸಾಲದು.

ನೋಟಿಸ್ ಅಸಲಿಯೋ ನಕಲಿಯೋ, ಹೇಗೆ ತಿಳಿಯುವುದು?

ಆರ್ಬಿಟ್ರೇಟರ್‌ಗೆ ವಾರಂಟ್ ಹೊರಡಿಸುವ ಅಧಿಕಾರವಿಲ್ಲ. ಪೊಲೀಸರನ್ನು ಕಳಿಸುವ ಅಧಿಕಾರವೂ ಇಲ್ಲ. ‘ಇಂದು ಸಂಜೆಯೊಳಗೆ ಕಟ್ಟದಿದ್ದರೆ ಬಂಧನ’ ಎಂದಿದ್ದರೆ, ದುಡ್ಡನ್ನು ಯಾರದೋ ಯುಪಿಐ ಐಡಿಗೆ ಕೇಳಿದ್ದರೆ, ಅದು ಮೋಸ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.

ನಿಜವಾದ ನೋಟಿಸಿನಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಕೇಳುತ್ತಿರುವ ಮೊತ್ತ, ಕರಾರಿನ ಯಾವ ಷರತ್ತಿನ ಮೇಲೆ ಕರೆಯುತ್ತಿದ್ದಾರೆ ಎಂಬುದು, ಬ್ಯಾಂಕಿನ ಪರ ವಕೀಲರ ಹೆಸರು ಮತ್ತು ವಿಳಾಸ ಇರುತ್ತವೆ. ಸಂಶಯವಿದ್ದರೆ ನೋಟಿಸಿನಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಮಾಡಿ, ಇಲ್ಲವೇ ಬ್ಯಾಂಕಿನ ದೂರು ವಿಭಾಗದ ಅಧಿಕೃತ ಇಮೇಲ್‌ಗೆ ಆ ಪಿಡಿಎಫ್ ಕಳಿಸಿ, ಇದು ನಿಮ್ಮದೇ ಎಂದು ಕೇಳಿ. ಬರುವ ಉತ್ತರವೂ ಮುಂದೆ ದಾಖಲೆಯಾಗುತ್ತದೆ.

ಆರ್ಬಿಟ್ರೇಟರನ್ನು ಬ್ಯಾಂಕೇ ಆರಿಸಿದೆ. ಇದು ನ್ಯಾಯವೇ?

ನ್ಯಾಯವಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

2015ರ ತಿದ್ದುಪಡಿಯಿಂದ ಸೆಕ್ಷನ್ 12(5) ಮತ್ತು ಏಳನೇ ಅನುಸೂಚಿ ಬಂದವು. ಒಂದು ಕಡೆಯವರ ನೌಕರ, ಸಲಹೆಗಾರ ಅಥವಾ ವಕೀಲರಾಗಿರುವವರು ಆರ್ಬಿಟ್ರೇಟರ್ ಆಗಲು ಅನರ್ಹರು ಎಂದು ಅಲ್ಲಿ ಹೇಳಿದೆ. 2017ರ ಟಿಆರ್‌ಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೀಗೆ ಅನರ್ಹರಾದವರು ತಮ್ಮ ಬದಲು ಇನ್ನೊಬ್ಬರನ್ನು ನೇಮಿಸುವಂತೆಯೂ ಇಲ್ಲ ಎಂದಿತು. 2019ರ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ವಿವಾದದ ಫಲಿತಾಂಶದಲ್ಲಿ ಆಸಕ್ತಿ ಇರುವ ಕಡೆಯವರು ಏಕಸದಸ್ಯ ಆರ್ಬಿಟ್ರೇಟರನ್ನು ತಾವೊಬ್ಬರೇ ನೇಮಿಸುವುದು ಸಲ್ಲದು ಎಂದಿತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಇಂಥ ಏಕಪಕ್ಷೀಯ ನೇಮಕ ಸಮಾನತೆಯ ತತ್ವಕ್ಕೇ ವಿರುದ್ಧ ಎಂದು ತೀರ್ಪು ಕೊಟ್ಟಿತು.

ಹಾಗಾದರೆ ಇಂಥ ನೋಟಿಸುಗಳು ಯಾಕೆ ನಿಂತಿಲ್ಲ? ಕಾನೂನಿನಲ್ಲೇ ಒಂದು ಕಿಂಡಿ ಇದೆ. ವಿವಾದ ಹುಟ್ಟಿದ ಮೇಲೆ ಇಬ್ಬರೂ ಸ್ಪಷ್ಟವಾಗಿ, ಬರಹದಲ್ಲಿ ಒಪ್ಪಿದರೆ ಅನರ್ಹತೆಯ ಆಕ್ಷೇಪಣೆಯನ್ನು ಬಿಟ್ಟುಕೊಟ್ಟಂತೆ ಆಗುತ್ತದೆ. ಅದಕ್ಕೇ ಇಮೇಲ್‌ಗಳಲ್ಲಿ ‘ಆರ್ಬಿಟ್ರೇಟರ್ ನೇಮಕಕ್ಕೆ ನನ್ನ ಸಮ್ಮತಿ ಇದೆ’ ಎಂಬ ಕೊಂಡಿ ಇರುತ್ತದೆ, ಕೆಲವೊಮ್ಮೆ ಒಟಿಪಿ ಕೇಳುತ್ತಾರೆ. ಅದನ್ನು ಒತ್ತಬೇಡಿ. ಇನ್ನೊಂದು ಬಗೆಯ ಸಾಲು ಹೀಗಿರುತ್ತದೆ: ‘ಏಳು ದಿನದಲ್ಲಿ ಆಕ್ಷೇಪಿಸದಿದ್ದರೆ ಒಪ್ಪಿದಂತೆ ಭಾವಿಸಲಾಗುವುದು.’ ಮೌನ ಸ್ಪಷ್ಟ ಬರಹದ ಒಪ್ಪಿಗೆ ಆಗುವುದಿಲ್ಲ. 2019ರ ಭಾರತ್ ಬ್ರಾಡ್‌ಬ್ಯಾಂಡ್ ಪ್ರಕರಣದಲ್ಲಿ, ನಡವಳಿಕೆಯಿಂದ ಒಪ್ಪಿಗೆಯನ್ನು ಊಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮೌನದ ಮೇಲೆ ಭರವಸೆ ಇಟ್ಟು ಕೂರುವುದಕ್ಕಿಂತ ಒಂದು ಸಾಲಿನ ಆಕ್ಷೇಪಣೆ ಬರೆದು ಕಳಿಸುವುದು ಎಷ್ಟೋ ಮೇಲು.

ಬ್ಯಾಂಕ್ ತಾನೇ ಹೆಸರು ಹೇಳದೆ, ಆನ್‌ಲೈನ್ ವ್ಯಾಜ್ಯ ಪರಿಹಾರ ಸಂಸ್ಥೆಯೊಂದರ ಮೂಲಕ ಆರ್ಬಿಟ್ರೇಟರನ್ನು ತರುವ ರೂಢಿಯೂ ಇದೆ. ಆ ಸಂಸ್ಥೆ ಸ್ವತಂತ್ರವೇ ಎಂಬುದು ಆಗ ಮುಖ್ಯವಾಗುತ್ತದೆ. ಅದನ್ನು ಆರಿಸಿದವರು ಯಾರು, ಆ ಆರ್ಬಿಟ್ರೇಟರ್ ಇದೇ ಬ್ಯಾಂಕಿನ ಎಷ್ಟು ಪ್ರಕರಣ ನಡೆಸಿದ್ದಾರೆ ಎಂದು ಬರೆದು ಕೇಳಿ. ಸೆಕ್ಷನ್ 12(1)ರಂತೆ ಆರ್ಬಿಟ್ರೇಟರ್ ತಮ್ಮ ಸಂಬಂಧಗಳನ್ನು ಆರನೇ ಅನುಸೂಚಿಯ ನಮೂನೆಯಲ್ಲಿ ಘೋಷಿಸಲೇಬೇಕು. ಆ ಘೋಷಣೆಯ ಪ್ರತಿ ಕೇಳುವುದು ನಿಮ್ಮ ಹಕ್ಕು.

ಸುಮ್ಮನಿದ್ದರೆ ಏನಾಗುತ್ತದೆ?

ನೀವು ಉತ್ತರ ಕೊಡದಿದ್ದರೂ ಸೆಕ್ಷನ್ 25ರಂತೆ ವಿಚಾರಣೆ ಮುಂದುವರಿಯುತ್ತದೆ. ಮೌನವನ್ನು ತಪ್ಪೊಪ್ಪಿಗೆ ಎಂದು ಎಣಿಸುವಂತಿಲ್ಲ, ಆದರೆ ಬ್ಯಾಂಕ್ ಕೊಟ್ಟ ಸ್ಟೇಟ್‌ಮೆಂಟ್ ಒಂದೇ ದಾಖಲೆಯಾಗಿ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬೀಳುತ್ತದೆ. ಅವಾರ್ಡ್ ರದ್ದು ಮಾಡಿ ಎಂದು ಕೋರ್ಟಿಗೆ ಹೋದಾಗ, ಆರ್ಬಿಟ್ರೇಟರ್ ಮುಂದಿದ್ದ ದಾಖಲೆಗಳ ಆಧಾರದ ಮೇಲೇ ನಿಮ್ಮ ಕಾರಣವನ್ನು ತೋರಿಸಬೇಕು. ಇದು 2019ರ ತಿದ್ದುಪಡಿ. ಅಲ್ಲಿ ಹೇಳದೆ ಬಿಟ್ಟದ್ದನ್ನು ಕೋರ್ಟಿನಲ್ಲಿ ಹೊಸದಾಗಿ ತೆಗೆಯುವುದು ಬಹಳ ಕಷ್ಟ.

ಉತ್ತರದಲ್ಲಿ ಏನು ಬರೆಯಬೇಕು?

ಕನ್ನಡದಲ್ಲಿ ಬರೆದರೂ ತಪ್ಪಿಲ್ಲ. ಆದರೆ ಪ್ರಕ್ರಿಯೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೆ ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಇಡಿ. ಸ್ಪೀಡ್ ಪೋಸ್ಟಿನಲ್ಲೂ ಇಮೇಲ್‌ನಲ್ಲೂ ಕಳಿಸಿ, ಆರ್ಬಿಟ್ರೇಟರ್ ಮತ್ತು ಬ್ಯಾಂಕಿನ ವಕೀಲರು ಇಬ್ಬರಿಗೂ. ಮೊದಲ ಉತ್ತರಕ್ಕೆ ಒಂದು ಪುಟ ಸಾಕು. ಸಾರ ಹೀಗಿರಲಿ:

‘ಇಂಥ ದಿನಾಂಕದ ನಿಮ್ಮ ನೋಟಿಸ್ ನನಗೆ ಇಂಥ ದಿನ ಇಮೇಲ್ ಮೂಲಕ ತಲುಪಿದೆ. ಅದರಲ್ಲಿ ಹೇಳಿರುವ ಬಾಕಿಯನ್ನು ನಾನು ಒಪ್ಪಿಲ್ಲ. ನನ್ನ ಯಾವ ಹಕ್ಕನ್ನೂ ಬಿಟ್ಟುಕೊಡದೆ ಈ ಉತ್ತರ ಬರೆಯುತ್ತಿದ್ದೇನೆ. ಆರ್ಬಿಟ್ರೇಟರ್ ನೇಮಕ ಏಕಪಕ್ಷೀಯವಾಗಿದ್ದು ಸೆಕ್ಷನ್ 12(5)ಕ್ಕೆ ವಿರುದ್ಧವಾಗಿದೆ. ಅದಕ್ಕೆ ನನ್ನ ಸಮ್ಮತಿ ಇಲ್ಲ, ಸಮ್ಮತಿಯ ಯಾವ ಬರಹಕ್ಕೂ ನಾನು ಸಹಿ ಮಾಡಿಲ್ಲ. ಕೆಳಗಿನ ದಾಖಲೆಗಳನ್ನು ಒದಗಿಸಿ: ನಾನು ಒಪ್ಪಿದ ಕರಾರಿನ ಪ್ರತಿ, ಕಾರ್ಡ್ ಕೊಟ್ಟ ದಿನದಿಂದ ಇಂದಿನವರೆಗಿನ ಎಲ್ಲ ತಿಂಗಳ ಸ್ಟೇಟ್‌ಮೆಂಟ್, ಅಸಲು, ಬಡ್ಡಿ, ತಡಪಾವತಿ ಶುಲ್ಕ ಮತ್ತು ಜಿಎಸ್‌ಟಿಯನ್ನು ಬೇರೆ ಬೇರೆ ತೋರಿಸುವ ಲೆಕ್ಕ, ಸೆಕ್ಷನ್ 12ರ ಘೋಷಣೆ. ಇವು ಕೈಸೇರಿದ ಮೇಲೆ ಪ್ರತಿವಾದ ಸಲ್ಲಿಸಲು ಕಾಲಾವಕಾಶ ಕೊಡಿ.’

ಅಧಿಕಾರ ವ್ಯಾಪ್ತಿಯ ಆಕ್ಷೇಪಣೆಯನ್ನು, ಅಂದರೆ ಒಪ್ಪಂದವೇ ಇಲ್ಲ ಎಂಬಂಥ ವಾದವನ್ನು, ಪ್ರತಿವಾದ ಸಲ್ಲಿಸುವುದರೊಳಗೆ ಎತ್ತಬೇಕು ಎಂದು ಸೆಕ್ಷನ್ 16 ಹೇಳುತ್ತದೆ. ಆರ್ಬಿಟ್ರೇಟರ್ ನಿಷ್ಪಕ್ಷಪಾತಿಯಲ್ಲ ಎಂಬ ಆಕ್ಷೇಪಣೆಗೆ ವಿಷಯ ತಿಳಿದ ದಿನದಿಂದ 15 ದಿನ. ನೇಮಕವೇ ಅಸಿಂಧು ಎನ್ನುವವರು ಸೆಕ್ಷನ್ 14ರ ಅಡಿ ಕೋರ್ಟಿಗೂ ಹೋಗಬಹುದು. ಬಾಕಿ ಸಣ್ಣದಿದ್ದಾಗ ಆ ಖರ್ಚು ತೂಗುವುದಿಲ್ಲ, ಆದರೆ ಬರಹದ ಆಕ್ಷೇಪಣೆಗೆ ಅಂಚೆ ಖರ್ಚು ಮಾತ್ರ.

ಆಕ್ಷೇಪಣೆ ಬರೆದು ಸುಮ್ಮನೆ ಕೂರಬೇಡಿ. ಆರ್ಬಿಟ್ರೇಟರ್ ಅದನ್ನು ತಳ್ಳಿಹಾಕಿ ಮುಂದುವರಿದರೆ, ‘ಆಕ್ಷೇಪಣೆ ಉಳಿಸಿಕೊಂಡು’ ಎಂದು ಬರೆದು ಲೆಕ್ಕದ ಪ್ರತಿವಾದವನ್ನೂ ಸಲ್ಲಿಸಿ.

ಬ್ಯಾಂಕಿನ ಲೆಕ್ಕ ಸರಿಯೇ ಎಂದು ಹೇಗೆ ನೋಡುವುದು?

ಎಲ್ಲ ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಕಾಗದದಲ್ಲೋ ಎಕ್ಸೆಲ್‌ನಲ್ಲೋ ಆರು ಕಾಲಂ ಎಳೆಯಿರಿ: ಖರೀದಿ, ನಗದು ತೆಗೆದದ್ದು, ಬಡ್ಡಿ, ಶುಲ್ಕ, ಜಿಎಸ್‌ಟಿ, ನೀವು ಕಟ್ಟಿದ್ದು. ಎರಡು ಮೂರು ಗಂಟೆಯ ಕೆಲಸ. ನೀವು ಖರ್ಚು ಮಾಡಿದ್ದೆಷ್ಟು, ಕಟ್ಟಿದ್ದೆಷ್ಟು, ಅದರ ಮೇಲೆ ಬೆಳೆದದ್ದೆಷ್ಟು ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಬಾಕಿ ಯಾಕೆ ಇಷ್ಟು ಬೇಗ ಬೆಳೆಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. 80,000 ರೂಪಾಯಿ ಉಳಿದಿದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 2,800. ಅದರ ಮೇಲೆ ಶೇ. 18 ಜಿಎಸ್‌ಟಿ, 504. ತಡಪಾವತಿ ಶುಲ್ಕ 1,000, ಅದರ ಮೇಲೆ ಜಿಎಸ್‌ಟಿ 180. ಒಂದೇ ತಿಂಗಳಲ್ಲಿ 4,484 ರೂಪಾಯಿ ಏರಿತು, ಒಂದು ರೂಪಾಯಿಯ ಹೊಸ ಖರೀದಿ ಇಲ್ಲದೆ.

ಈಗ ನಿಯಮಗಳ ಜೊತೆ ಹೋಲಿಸಿ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಕಾರ್ಡುಗಳ ಬಗ್ಗೆ ವಿವರವಾದ ನಿರ್ದೇಶನ ಹೊರಡಿಸಿತು. ಅದರಂತೆ ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಮೇಲಿನ ಲೆಕ್ಕದ ತಡಪಾವತಿ ಶುಲ್ಕದ 1,000, ಜಿಎಸ್‌ಟಿಯ 504 ಮತ್ತು 180 ಮುಂದಿನ ತಿಂಗಳ ಬಡ್ಡಿಗೆ ಆಧಾರವಾಗಕೂಡದು. ಕೊನೆಯ ದಿನಾಂಕ ಕಳೆದು ಮೂರು ದಿನ ದಾಟಿದ ಮೇಲಷ್ಟೇ ದಂಡದ ಶುಲ್ಕ ಹಾಕಬಹುದು. ಆ ಶುಲ್ಕವನ್ನು ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಬೇಕೇ ಹೊರತು ಪೂರ್ತಿ ಬಿಲ್ಲಿನ ಮೇಲಲ್ಲ. ಕನಿಷ್ಠ ಪಾವತಿ ಕಟ್ಟುತ್ತಿದ್ದರೂ ಬಾಕಿ ಏರುತ್ತಲೇ ಹೋಗುವಂತೆ ಆ ಮೊತ್ತವನ್ನು ನಿಗದಿ ಮಾಡುವಂತಿಲ್ಲ. ನೀವು ಸ್ಪಷ್ಟ ಒಪ್ಪಿಗೆ ಕೊಡದಿದ್ದರೆ ಮಿತಿ ಮೀರಿದ ಬಳಕೆಯ ಶುಲ್ಕ ಇಲ್ಲ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಲು ಕೇಳಿ ಏಳು ಕೆಲಸದ ದಿನ ಕಳೆದರೂ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೇ ಬರಬೇಕು. ಕೇಳದೆ ಕಾರ್ಡ್ ಕೊಟ್ಟು ಬಿಲ್ ಮಾಡಿದ್ದರೆ ಆ ಶುಲ್ಕ ವಾಪಸ್ ಮಾಡುವುದಲ್ಲದೆ ಅದರ ಎರಡರಷ್ಟು ದಂಡ ಕಟ್ಟಬೇಕು.

ಸಾಲದ ಜೊತೆ ಗಂಟು ಹಾಕಿದ ವಿಮೆ, ಸದಸ್ಯತ್ವ, ಇಎಂಐ ಪರಿವರ್ತನೆ ಶುಲ್ಕ ಇವನ್ನೂ ಒಂದೊಂದಾಗಿ ಗುರುತಿಸಿ. ಬಿಲ್ಲಿನ ಬಗ್ಗೆ ದೂರು ಕೊಟ್ಟರೆ ಗರಿಷ್ಠ 30 ದಿನದಲ್ಲಿ ದಾಖಲೆ ಸಮೇತ ವಿವರಣೆ ಕೊಡುವುದು ಬ್ಯಾಂಕಿನ ಹೊಣೆ.

ಬಡ್ಡಿ ದರವೇ ಅತಿ ಎಂಬ ವಾದದ ಬಗ್ಗೆ ಒಂದು ಎಚ್ಚರಿಕೆ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅಕ್ರಮ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿದೆ. ಇಂಟರ್ನೆಟ್ಟಿನಲ್ಲಿ ಓಡಾಡುವ ಹಳೆಯ ಉತ್ತರ ನಮೂನೆಗಳಲ್ಲಿ ಇದೇ ವಾದ ಮುಖ್ಯವಾಗಿರುತ್ತದೆ. ಅದನ್ನು ನಕಲು ಮಾಡಬೇಡಿ. ದರದ ಮೇಲಿನ ವಾದಕ್ಕಿಂತ ಲೆಕ್ಕದ ತಪ್ಪು ಹೆಚ್ಚು ಗಟ್ಟಿ.

ಬಾಕಿಯಲ್ಲಿ ಒಂದು ಭಾಗ ನಾನು ಮಾಡದ ವ್ಯವಹಾರ. ಅದನ್ನೂ ಕಟ್ಟಬೇಕೇ?

ಯಾವಾಗ ತಿಳಿಸಿದಿರಿ ಎಂಬುದರ ಮೇಲೆ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ಬ್ಯಾಂಕಿನದೂ ಅಲ್ಲ ನಿಮ್ಮದೂ ಅಲ್ಲ, ನಡುವಿನ ವ್ಯವಸ್ಥೆಯದು ಎಂದಾದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದ್ದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗಾದರೆ ಹೊಣೆಗೆ ಮಿತಿ ಇದೆ: ಕಾರ್ಡಿನ ಮಿತಿ 5 ಲಕ್ಷದವರೆಗೆ ಇದ್ದರೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲಿದ್ದರೆ 25,000. ಹೊಣೆ ಗ್ರಾಹಕರದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು.

ದೂರಿನ ನಂಬರ್, ಇಮೇಲ್, ಎಸ್‌ಎಂಎಸ್ ಎಲ್ಲವನ್ನೂ ಆರ್ಬಿಟ್ರೇಟರ್ ಮುಂದೆ ಇಡಿ. ವಂಚನೆ ಎಂದು ದೂರು ಕೊಟ್ಟ ವ್ಯವಹಾರಕ್ಕೆ ಅದು ಇತ್ಯರ್ಥವಾಗುವವರೆಗೆ ಶುಲ್ಕ ಹಾಕುವಂತಿಲ್ಲ. ಹಾಕಿದ್ದರೆ ಅದನ್ನು ಪ್ರತಿದಾವೆಯಲ್ಲಿ, ಅಂದರೆ ಅದೇ ಪ್ರಕರಣದಲ್ಲಿ ಬ್ಯಾಂಕಿನ ಮೇಲೆ ನೀವು ಹೂಡುವ ದಾವೆಯಲ್ಲಿ, ಕೇಳಿ.

ವಿಚಾರಣೆ ಹೇಗೆ ನಡೆಯುತ್ತದೆ?

ಈಗ ಹೆಚ್ಚಿನವು ವಿಡಿಯೊ ಕರೆಯಲ್ಲೇ ಮುಗಿಯುತ್ತವೆ. ಬ್ಯಾಂಕ್ ತನಗೆ ಏನು ಬರಬೇಕೆಂಬ ವಾದಪತ್ರ ಸಲ್ಲಿಸುತ್ತದೆ, ನೀವು ಪ್ರತಿವಾದ ಮತ್ತು ಬೇಕಿದ್ದರೆ ಪ್ರತಿದಾವೆ ಸಲ್ಲಿಸುತ್ತೀರಿ, ನಂತರ ದಾಖಲೆ ಮತ್ತು ವಾದ. ಎರಡೂ ಕಡೆಯ ಬರಹ ಆರು ತಿಂಗಳಲ್ಲಿ ಮುಗಿದು, ಅಲ್ಲಿಂದ 12 ತಿಂಗಳಲ್ಲಿ ಅವಾರ್ಡ್ ಬರಬೇಕು. ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು, ಅದಕ್ಕೂ ಮೀರಿದರೆ ಕೋರ್ಟಿನ ಅನುಮತಿ ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಕಾನೂನು ಇಲ್ಲಿ ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ. ಆದರೂ ಬ್ಯಾಂಕ್ ಮುದ್ರಿಸಿ ತಂದ ಸ್ಟೇಟ್‌ಮೆಂಟಿಗೆ ಅಧಿಕಾರಿಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ವಕೀಲರು ಕಡ್ಡಾಯವಲ್ಲ. ಲಿಂಕ್ ತೆರೆಯದೆ ಹಾಜರಾಗಲು ಆಗದಿದ್ದರೆ ಅದೇ ನಿಮಿಷ ಪರದೆಯ ಚಿತ್ರ ತೆಗೆದು ಇಮೇಲ್ ಮಾಡಿ. ‘ವಾದ ಮಂಡಿಸಲು ಅವಕಾಶ ಸಿಗಲಿಲ್ಲ’ ಎಂಬುದು ಅವಾರ್ಡ್ ರದ್ದತಿಗೆ ಒಂದು ಕಾರಣ, ಆದರೆ ಅದಕ್ಕೆ ಪುರಾವೆ ಬೇಕು.

ಒಂದು ವಿಷಯಕ್ಕೆ ಗಮನ ಕೊಡಿ. ಸೆಕ್ಷನ್ 17ರ ಅಡಿ ಬ್ಯಾಂಕ್ ಮಧ್ಯಂತರ ಆದೇಶ ಕೇಳಬಹುದು, ಅಂದರೆ ತೀರ್ಪಿಗೆ ಮೊದಲೇ ನಿಮ್ಮ ಉಳಿತಾಯ ಖಾತೆಯ ಮೊತ್ತವನ್ನು ತಡೆಹಿಡಿಯುವುದು. ಅಂಥ ಅರ್ಜಿ ಬಂದರೆ ಅದೇ ದಿನ ಆಕ್ಷೇಪಣೆ ಸಲ್ಲಿಸಿ, ಅದು ಸಂಬಳದ ಖಾತೆಯಾಗಿದ್ದರೆ ಹಾಗೆಂದು ದಾಖಲೆ ಸಮೇತ ತಿಳಿಸಿ.

ಆರ್ಬಿಟ್ರೇಟರ್ ಶುಲ್ಕ ಯಾರು ಕೊಡಬೇಕು?

ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ಪಟ್ಟಿಯಲ್ಲಿ 5 ಲಕ್ಷದವರೆಗಿನ ವಿವಾದಕ್ಕೆ 45,000 ರೂಪಾಯಿ ಇದೆ. ಒಂದೂವರೆ ಲಕ್ಷದ ಕಾರ್ಡ್ ಬಾಕಿಗೆ ಇದು ದೊಡ್ಡ ಮೊತ್ತ. ಸಾಮಾನ್ಯವಾಗಿ ಮುಂಗಡವನ್ನು ಇಬ್ಬರೂ ಸಮವಾಗಿ ಇಡಬೇಕು. ನೀವು ಇಡದಿದ್ದರೆ ಬ್ಯಾಂಕೇ ಪೂರ್ತಿ ಕಟ್ಟಿ ಮುಂದುವರಿಸಬಹುದು, ಕೊನೆಗೆ ಸೋತವರ ಮೇಲೆ ಖರ್ಚು ಬೀಳಬಹುದು. ಕರಾರಿನಲ್ಲಿ ‘ಎಲ್ಲ ಖರ್ಚು ಕಾರ್ಡುದಾರರದೇ’ ಎಂದಿದ್ದರೆ ಹೆದರಬೇಡಿ. ವಿವಾದ ಹುಟ್ಟಿದ ಮೇಲೆ ಮಾಡಿಕೊಂಡ ಒಪ್ಪಂದವಾದರೆ ಮಾತ್ರ ಅದು ನಡೆಯುತ್ತದೆ ಎಂದು ಸೆಕ್ಷನ್ 31ಎ(5) ಹೇಳುತ್ತದೆ.

ನಾನಿರುವುದು ಹುಬ್ಬಳ್ಳಿ, ಆರ್ಬಿಟ್ರೇಷನ್ ಚೆನ್ನೈನಲ್ಲಿ. ಏನು ಮಾಡಲಿ?

ಕರಾರಿನಲ್ಲಿ ಬರೆದಿರುವ ಆರ್ಬಿಟ್ರೇಷನ್ ಸ್ಥಾನಕ್ಕೆ ಬಹಳ ತೂಕವಿದೆ. ಆ ಊರಿನ ಕೋರ್ಟಿಗೇ ಅವಾರ್ಡಿನ ಮೇಲಿನ ಅಧಿಕಾರ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಸ್ಥಾನ ಚೆನ್ನೈ ಎಂದಿದ್ದರೆ ರದ್ದತಿ ಅರ್ಜಿಯನ್ನೂ ಅಲ್ಲೇ ಹಾಕಬೇಕು. ಬ್ಯಾಂಕ್ ಮಾತ್ರ ಅವಾರ್ಡನ್ನು ನಿಮ್ಮ ಆಸ್ತಿ ಇರುವ ಹುಬ್ಬಳ್ಳಿಯಲ್ಲೇ ಜಾರಿಗೆ ಹಾಕಬಹುದು. ಹಾಗಾಗಿ ಆರಂಭದಲ್ಲೇ ಸ್ಥಾನ ಬದಲಿಸುವಂತೆ ಬರಹದಲ್ಲಿ ಕೇಳಿ, ಅದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕು. ಕನಿಷ್ಠ ವಿಚಾರಣೆಯಾದರೂ ವಿಡಿಯೊದಲ್ಲಿ ನಡೆಯಲಿ ಎಂದು ಒತ್ತಾಯಿಸಿ. ಇಬ್ಬರೂ ಒಪ್ಪಿದರೆ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ, ಕರ್ನಾಟಕ ಹೈಕೋರ್ಟಿನ ಆಶ್ರಯದ ಆರ್ಬಿಟ್ರೇಷನ್ ಕೇಂದ್ರಕ್ಕೆ ಪ್ರಕರಣ ಒಯ್ಯಬಹುದು. ತಟಸ್ಥ ಹೆಸರಿಗೆ ಒಮ್ಮತ ಬಾರದೆ 30 ದಿನ ಕಳೆದರೆ ಸೆಕ್ಷನ್ 11ರಂತೆ ಹೈಕೋರ್ಟ್ ನೇಮಿಸುತ್ತದೆ.

ಹಳೆಯ ಬಾಕಿ. ಕಾಲಮಿತಿ ಮುಗಿದಿಲ್ಲವೇ?

ಕೋರ್ಟಿನ ದಾವೆಗಿರುವಂತೆಯೇ ಇಲ್ಲೂ ಸಾಮಾನ್ಯವಾಗಿ ಮೂರು ವರ್ಷ. ಆರ್ಬಿಟ್ರೇಷನ್ ಕೋರುವ ನೋಟಿಸ್ ನಿಮ್ಮ ಕೈಸೇರಿದ ದಿನ ಪ್ರಕ್ರಿಯೆ ಆರಂಭವಾದಂತೆ, ಅದಕ್ಕೇ ಆ ದಿನಾಂಕವನ್ನು ಬರೆದಿಡಿ. ಮೂರು ವರ್ಷ ಮುಗಿಯುವ ಮೊದಲು ನೀವು ಬರಹದಲ್ಲಿ ಬಾಕಿ ಒಪ್ಪಿ ಸಹಿ ಹಾಕಿದ್ದರೆ ಅಲ್ಲಿಂದ ಹೊಸ ಎಣಿಕೆ. ಮುಗಿದ ಮೇಲೂ ‘ಕಟ್ಟುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ ಸೆಕ್ಷನ್ 25(3)ರಂತೆ ಅದೇ ಹೊಸ ಕರಾರು. ‘ಸದ್ಯಕ್ಕೆ ಐನೂರು ರೂಪಾಯಿ ಕಟ್ಟಿ, ಈ ಕಾಗದಕ್ಕೆ ಸಹಿ ಮಾಡಿ’ ಎಂದು ಏಜೆಂಟರು ಒತ್ತಾಯಿಸಿದಾಗ ಇದು ನೆನಪಿರಲಿ.

ನಾನೇ ಆರ್ಬಿಟ್ರೇಷನ್ ಕೇಳಬಹುದೇ? ಅದು ಒಳ್ಳೆಯ ದಾರಿಯೇ?

ಕರಾರಿನಲ್ಲಿ ಷರತ್ತಿದ್ದರೆ ನೀವೂ ಸೆಕ್ಷನ್ 21ರ ನೋಟಿಸ್ ಕೊಟ್ಟು ಆರಂಭಿಸಬಹುದು. ದೊಡ್ಡ ಮೊತ್ತ, ಕೈಯಲ್ಲಿ ಗಟ್ಟಿ ದಾಖಲೆ, ತಟಸ್ಥ ಆರ್ಬಿಟ್ರೇಟರ್ ಮೂರೂ ಇದ್ದರೆ ಇದು ಸಿವಿಲ್ ಕೋರ್ಟಿಗಿಂತ ಬೇಗ ಮುಗಿಯುತ್ತದೆ. ಕೆಲವು ಲಕ್ಷದೊಳಗಿನ ಬಿಲ್ಲಿನ ತಕರಾರಿಗೆ ಮಾತ್ರ ನಾವು ಇದನ್ನು ಮೊದಲ ದಾರಿಯೆಂದು ಹೇಳುವುದಿಲ್ಲ.

ಮೊದಲು ಬ್ಯಾಂಕಿಗೆ ಬರಹದ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಇತ್ಯರ್ಥ ಮಾಡುವ ಅಧಿಕಾರಿ) ಸಿಎಂಎಸ್ ಎಂಬ ಆನ್‌ಲೈನ್ ದೂರು ಪೋರ್ಟಲ್ ಮೂಲಕ ದೂರು ಸಲ್ಲಿಸಿ. ಶುಲ್ಕವಿಲ್ಲ, 14448ರಲ್ಲಿ ಮಾಹಿತಿ ಸಿಗುತ್ತದೆ. ಆದರೆ ಅದೇ ವಿಷಯ ಆಗಲೇ ಆರ್ಬಿಟ್ರೇಟರ್ ಮುಂದಿದ್ದರೆ ಒಂಬುಡ್ಸ್‌ಮನ್ ದೂರನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ನೋಟಿಸ್ ಬರುವವರೆಗೆ ಕಾಯಬೇಡಿ. ಲೆಕ್ಕ ತಪ್ಪಿದೆ ಎಂದು ಕಂಡ ತಿಂಗಳೇ ದೂರು ಹಾಕಿ.

ಸೇವೆಯಲ್ಲಿ ಲೋಪವಿದ್ದರೆ ಜಿಲ್ಲಾ ಗ್ರಾಹಕ ಆಯೋಗವೂ ಇದೆ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ. ಆರ್ಬಿಟ್ರೇಷನ್ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ನಡುವೆ ರಾಜಿಯಾಗಬಹುದೇ?

ಯಾವ ಹಂತದಲ್ಲಾದರೂ. ಬಾಕಿ ನಿಜವಾಗಿಯೂ ನಿಮ್ಮದೇ ಆಗಿದ್ದರೆ ಸೆಣಸಾಡುವುದಕ್ಕಿಂತ ಇದೇ ಒಳ್ಳೆಯದು. ನಿಮ್ಮ ಆರು ಕಾಲಂ ಲೆಕ್ಕವೇ ಇಲ್ಲಿ ಬಲ: ಖರೀದಿಯಲ್ಲಿ ಉಳಿದ ಅಸಲಿಷ್ಟು, ಇಷ್ಟನ್ನು ಇಂಥ ಕಂತುಗಳಲ್ಲಿ ಕಟ್ಟಬಲ್ಲೆ ಎಂದು ಅಂಕಿ ಹಿಡಿದು ಮಾತಾಡಿ. ಫೋನಿನಲ್ಲಿ ಆದ ರಾಜಿ ರಾಜಿಯೇ ಅಲ್ಲ. ಬ್ಯಾಂಕಿನ ಅಧಿಕೃತ ಇಮೇಲ್ ಅಥವಾ ಲೆಟರ್‌ಹೆಡ್‌ನಲ್ಲಿ ಮೊತ್ತ, ಕಂತಿನ ದಿನಾಂಕ, ಕಟ್ಟಿದ ಮೇಲೆ ಏನೂ ಉಳಿಯುವುದಿಲ್ಲ ಎಂಬ ಮಾತು, ಆರ್ಬಿಟ್ರೇಷನ್ ಹಿಂಪಡೆಯುವ ಮಾತು ಇಷ್ಟೂ ಬಂದ ಮೇಲೆ ದುಡ್ಡು ಕಟ್ಟಿ, ಅದೂ ಕಾರ್ಡ್ ಖಾತೆಗೆ ನೇರವಾಗಿ. ಸೆಕ್ಷನ್ 30ರಂತೆ ರಾಜಿಯನ್ನೇ ಅವಾರ್ಡ್ ಮಾಡಿಸಬಹುದು. ಹಾಗೆ ಮಾಡಿದರೆ ಒಂದು ಕಂತು ತಪ್ಪಿದಾಗ ಏನಾಗುತ್ತದೆ ಎಂಬ ಸಾಲನ್ನು ಎರಡು ಬಾರಿ ಓದಿ. ಬಹುತೇಕ ಅಲ್ಲಿ ಮೊದಲಿನ ಪೂರ್ತಿ ಮೊತ್ತ ಮರಳಿ ಬರುತ್ತದೆ.

ಕಡಿಮೆ ಮೊತ್ತಕ್ಕೆ ಮುಗಿಸಿದರೆ ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ತೀರಿಸಿದಾಗ ಬರುವ ‘ಕ್ಲೋಸ್ಡ್’ ಅದಲ್ಲ. ಮುಂದೆ ಮನೆ ಸಾಲ ಬೇಕೆನ್ನುವವರು ಈ ವ್ಯತ್ಯಾಸಕ್ಕೆ ಎಷ್ಟು ಬೆಲೆ ಕೊಡಬಹುದೆಂದು ಮೊದಲೇ ಯೋಚಿಸಲಿ. ವರದಿಯಲ್ಲಿ ತಪ್ಪಿದ್ದು, ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು.

ಅವಾರ್ಡ್ ಆಗಿಹೋಗಿದೆ. ಇನ್ನೇನು ದಾರಿ?

ಸಹಿ ಇರುವ ಪ್ರತಿ ನಿಮ್ಮ ಕೈಸೇರಿದ ದಿನದಿಂದ ಗಡಿಯಾರ ಓಡುತ್ತದೆ. ಕೂಡುವ ಕಳೆಯುವ ತಪ್ಪಿದ್ದರೆ ತಿದ್ದಲು ಆರ್ಬಿಟ್ರೇಟರನ್ನೇ ಕೇಳಲು 30 ದಿನ. ರದ್ದು ಮಾಡಿಸಲು ಸೆಕ್ಷನ್ 34ರ ಅಡಿ ಮೂರು ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ, ಅಷ್ಟೇ. ಆಮೇಲೆ ಎಷ್ಟು ಒಳ್ಳೆಯ ಕಾರಣವಿದ್ದರೂ ಕೋರ್ಟ್ ತಡವನ್ನು ಮನ್ನಿಸಲಾರದು.

ಅರ್ಜಿ ಹಾಕಿದ ಮಾತ್ರಕ್ಕೆ ಜಾರಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಬೇಕು, ಕೋರ್ಟ್ ಮೊತ್ತದ ಒಂದು ಭಾಗವನ್ನು ಠೇವಣಿ ಇಡಲು ಹೇಳಬಹುದು. ‘ಲೆಕ್ಕ ಇನ್ನೊಂದು ರೀತಿ ಇರಬೇಕಿತ್ತು’ ಎಂಬ ವಾದವನ್ನು ಅಲ್ಲಿ ಕೇಳುವುದಿಲ್ಲ. ನೋಟಿಸ್ ತಲುಪಲಿಲ್ಲ, ನೇಮಕ ಏಕಪಕ್ಷೀಯ, ವಾದಕ್ಕೆ ಅವಕಾಶ ಸಿಗಲಿಲ್ಲ ಎಂಬಂಥ ಬುಡದ ದೋಷಗಳಿಗೆ ಬೆಲೆ. ಏಕಪಕ್ಷೀಯ ನೇಮಕದ ಅವಾರ್ಡನ್ನು ಜಾರಿ ಮಾಡಲಾಗದು ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ಆದ್ದರಿಂದ ಗಡುವು ದಾಟಿದವರೂ ಅವಾರ್ಡನ್ನು ಜಾರಿ ಮಾಡಿಸುವ ಅರ್ಜಿಯ ನೋಟಿಸ್ ಬಂದಾಗ ಆ ಆಕ್ಷೇಪಣೆಯನ್ನು ಅಲ್ಲಿ ಎತ್ತಬೇಕು.

ಸಂಬಳ ಜಪ್ತಿ ಮಾಡುತ್ತಾರೆಯೇ? ಜೈಲಿಗೆ ಹಾಕುತ್ತಾರೆಯೇ?

ಜಪ್ತಿಗೆ ಮಿತಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60ರಂತೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. 40,000 ಸಂಬಳವಿದ್ದರೆ ತಿಂಗಳಿಗೆ ಹೆಚ್ಚೆಂದರೆ 13,000 ರೂಪಾಯಿ ಜಪ್ತಿ. ಒಂದೇ ಡಿಕ್ರಿಗೆ 24 ತಿಂಗಳು ಜಪ್ತಿಯಾದ ಮೇಲೆ ಅದೇ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ. ಭವಿಷ್ಯ ನಿಧಿ, ಕಸುಬಿನ ಉಪಕರಣಗಳಿಗೂ ರಕ್ಷಣೆ ಇದೆ. ಆದರೆ ಜಾರಿಗೆ 12 ವರ್ಷ ಕಾಲಾವಕಾಶ ಇರುವುದರಿಂದ, ಇಂದು ಆಸ್ತಿ ಇಲ್ಲ ಎಂದು ನಿಶ್ಚಿಂತರಾಗುವಂತಿಲ್ಲ.

ಕಟ್ಟಲು ಶಕ್ತಿಯೇ ಇಲ್ಲದವರನ್ನು ಸಾಲಕ್ಕಾಗಿ ಸಿವಿಲ್ ಜೈಲಿಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಶಕ್ತಿ ಇದ್ದೂ ದುರುದ್ದೇಶದಿಂದ ಕಟ್ಟದವರ ಮಾತು ಬೇರೆ. ಆರ್ಬಿಟ್ರೇಷನ್ ನಡೆಯುತ್ತಿರುವಾಗಲೂ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮಾಡಿದರೆ ಕರೆಯ ಪಟ್ಟಿ ಇಟ್ಟುಕೊಂಡು ದೂರು ಕೊಡಿ.

ಕಾರ್ಡುದಾರರು ತೀರಿಕೊಂಡಿದ್ದಾರೆ. ಮನೆಯವರು ಕಟ್ಟಬೇಕೇ?

ಅವರು ಬಿಟ್ಟುಹೋದ ಆಸ್ತಿಯಲ್ಲಿ ಮನೆಯವರಿಗೆ ಬಂದ ಪಾಲಿನಷ್ಟಕ್ಕೆ ಮಾತ್ರ. ಮಕ್ಕಳ ಸ್ವಂತ ಸಂಪಾದನೆಯನ್ನು ಕೇಳುವಂತಿಲ್ಲ. ಆ್ಯಡ್-ಆನ್ ಕಾರ್ಡಿನ ಖರ್ಚಿನ ಹೊಣೆಯೂ ಮುಖ್ಯ ಕಾರ್ಡುದಾರರದೇ.

ದುಬೈಗೆ ಬಂದಿದ್ದೇನೆ. ನೋಟಿಸ್ ಊರಿನ ಹಳೆಯ ಮನೆಗೆ ಹೋಗಿದೆ.

ವಿಚಾರಿಸಿದರೂ ನೀವು ಸಿಗದಿದ್ದಾಗ ಕೊನೆಯದಾಗಿ ಗೊತ್ತಿದ್ದ ವಿಳಾಸಕ್ಕೆ ಕಳಿಸಿದ್ದೇ ತಲುಪಿದಂತೆ ಎಂದು ಸೆಕ್ಷನ್ 3 ಹೇಳುತ್ತದೆ. ಬ್ಯಾಂಕಿಗೆ ಹೊಸ ವಿಳಾಸ ಮತ್ತು ಇಮೇಲನ್ನು ಬರಹದಲ್ಲಿ ಕೊಡಿ. ಕೊಟ್ಟ ಮೇಲೂ ಹಳೆಯದಕ್ಕೇ ಕಳಿಸಿದ್ದರೆ ಆ ಇಮೇಲೇ ನಿಮ್ಮ ಪುರಾವೆ. ವಿಡಿಯೊದಲ್ಲಿ ಅಲ್ಲಿಂದಲೇ ಹಾಜರಾಗಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಆದಾಯ ಮಿತಿಯೊಳಗಿನವರಿಗೆ ಉಚಿತ ಕಾನೂನು ನೆರವು ಇದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯನ್ನು ಕೇಳಿ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಸಹಾಯವಾಣಿ 15100. ಹೋಗುವಾಗ ನೋಟಿಸ್, ಅದು ತಲುಪಿದ ದಿನಾಂಕ ಬರೆದ ಚೀಟಿ, ಸ್ಟೇಟ್‌ಮೆಂಟುಗಳು, ನಿಮ್ಮ ಆರು ಕಾಲಂ ಲೆಕ್ಕ, ಆಧಾರ್ ಪ್ರತಿ, ಆದಾಯ ಮಿತಿಯ ಮೇಲೆ ನೆರವು ಕೇಳುವವರಾದರೆ ಆದಾಯ ಪ್ರಮಾಣಪತ್ರ ಇವನ್ನು ಒಯ್ಯಿರಿ. ಗಡುವಿಗೆ ಎರಡು ದಿನ ಉಳಿದಾಗ ಹೋದರೆ ವಕೀಲರಿಗೂ ಕೈಕಟ್ಟಿದಂತೆ ಆಗುತ್ತದೆ, ನೋಟಿಸ್ ಬಂದ ವಾರದಲ್ಲೇ ಹೋಗಿ.